ಕರಿ ಬಾನೆಟ್ಟಿನ ಮೂರು ಪಾಲು

ನಮ್ಮ ಮಾವನವರ ಕಾರು ಕಪ್ಪು ಬಣ್ಣದ್ದು. ಹೊಸಪೇಟೆಯಲ್ಲಿ ಕಪ್ಪು ಕಾರು ಇಟ್ಟುಕೊಳ್ಳುವುದೆಂದರೆ ಬಿಳಿ ಸೀರೆ ಉಟ್ಟು ಖಾರ ಕುಟ್ಟಲು ಕೂತಂತೆ ಎಂದು ನಮ್ಮತ್ತೆ ಹೇಳುತ್ತಿದ್ದರು. ಸಂಡೂರಿನ ಕಡೆಗೆ ಹೋದರೆ ಅದಿರಿನ ಕೆಂಪು ಧೂಳು, ಕಂಪ್ಲಿಯ ನಮ್ಮ ಅಕ್ಕಿ ಗಿರಣಿಗೆ ಹೋದರೆ ತೌಡು. ಹಂಪಿಗೆ ನೆಂಟರನ್ನು ಕರೆದುಕೊಂಡು ಹೋದರೆ, ಅವರ ಮಕ್ಕಳು ಆ ಧೂಳಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆದು ಬರುತ್ತಿದ್ದರು. ಆದರೂ ಮಾವನವರಿಗೆ ಕಪ್ಪೇ ಬೇಕಾಗಿತ್ತು. ಕಾಲುವೆ ನೀರಿಗೆ ಎರಡನೆಯ ಬೆಳೆ ಭತ್ತ ಕೈಗೆ ಹತ್ತಿದ ವರ್ಷ ಅವರು ಆ ಅಂಬಾಸಡರನ್ನು ಕೊಂಡರಂತೆ. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅದು ಮನೆಗೆ ಬಂದು ಐದು ವರ್ಷವಾಗಿತ್ತು. ಆ ಲೆಕ್ಕದಲ್ಲಿ ಅದು ನನಗಿಂತ ಸೀನಿಯರ್.

ಕಾರಿನ ಜೊತೆಗೇ ಬಂದವರು ಡ್ರೈವರ್ ಕಾಕಾ. ಮಕ್ಕಳು ಕರೆಯುತ್ತಿದ್ದ ಹೆಸರು ಅದು, ನನಗೂ ಅದೇ ಬಾಯಿಗೆ ಕೂತಿತು. ಪ್ರತಿ ಭಾನುವಾರ ಬೆಳಗಾಗುತ್ತಲೇ ಅವರು ಕಾರನ್ನು ನಮ್ಮ ಓಣಿಯ ಹಿಂದಿನ ಕಾಲುವೆಗೆ ಒಯ್ಯುವರು. ಎತ್ತು, ಟ್ರಾಕ್ಟರ್, ಲಾರಿ, ಎಲ್ಲದರ ಸ್ನಾನವೂ ಅಲ್ಲಿಯೇ, ಮೆಟ್ಟಿಲ ಪಕ್ಕದ ಇಳಿಜಾರಿನಲ್ಲಿ. ಕೆಂಪು ಧೂಳನ್ನು ಒಣ ಬಟ್ಟೆಯಿಂದ ಎಂದೂ ಒರೆಸುತ್ತಿರಲಿಲ್ಲ. "ಅದು ಧೂಳಲ್ರಿ ಅಮ್ಮಾರ, ಕಬ್ಬಿಣ. ಒರಿಸಿದ್ರ ಗೀರ್ತೈತಿ. ಅದನ್ನ ನೀರಾಗ ತೇಲಿಸಿ ಕಳಿಸ್ಬೇಕು" ಅನ್ನುವರು. ಮನೆಗೆ ತಂದು ಬೇವಿನ ಮರದ ನೆರಳಿಗೆ ನಿಲ್ಲಿಸಿ, ಹಳದಿ ಡಬ್ಬಿಯ ಗಟ್ಟಿ ವ್ಯಾಕ್ಸನ್ನು ಮಾವನವರ ಹಳೆಯ ಧೋತರದ ತುಂಡಿನಿಂದ ಹಚ್ಚುವರು. ಅದು ಮಂಜು ಕವಿದಂತೆ ಬಿಳಿಚಿಕೊಂಡ ಮೇಲೆ ಇನ್ನೊಂದು ತುಂಡಿನಿಂದ ತಿಕ್ಕುವರು. ಹನ್ನೊಂದು ಗಂಟೆಯ ಹೊತ್ತಿಗೆ ಬಾನೆಟ್ಟಿನಲ್ಲಿ ಬೇವಿನ ಎಲೆಗಳನ್ನು ಎಣಿಸಬಹುದಾಗಿತ್ತು.

ತೊಂಬತ್ತರ ದಶಕ ಶುರುವಾಗುವಷ್ಟರಲ್ಲಿ ಕಾಕಾನ ಕೆಲಸ ಕರಗುತ್ತ ಬಂದಿತ್ತು. ಮಾವನವರಿಗೆ ಮಂಡಿನೋವು, ಮಿಲ್ಲಿಗೆ ಹೋಗುವುದು ತಿಂಗಳಿಗೊಮ್ಮೆ. ದೋಣಿಮಲೈ ಗಣಿಯ ಕ್ಯಾಂಟೀನಿಗೆ ಅಕ್ಕಿ ಹಾಕುತ್ತಿದ್ದ ನಮ್ಮ ಯಜಮಾನರು ತಾವೇ ಕಾರು ಓಡಿಸಿಕೊಂಡು ಹೋಗುತ್ತಿದ್ದರು. ಕಾಕಾಗೆ ಉಳಿದದ್ದು ಭಾನುವಾರದ ಪಾಲಿಶ್ ಒಂದೇ.

ಆ ವರ್ಷ ಮಳೆಗಾಲ ಮುಗಿಯುವಾಗ ಬೊಂಬಾಯಿಯಿಂದ ನನ್ನ ತಮ್ಮ ಬಂದ. ಅವನ ಬ್ಯಾಗಿನಲ್ಲಿ ಫಾರಿನ್ನಿನ ಎರಡು ಬಾಟಲಿ ಇದ್ದವು. ಒಂದು ಸ್ಪ್ರೇ ವ್ಯಾಕ್ಸ್: ಪಿಚಕಾರಿಯ ಹಾಗೆ ಒತ್ತಿ ಒರೆಸಿದರೆ ಮುಗಿಯಿತು. ಇನ್ನೊಂದು ಸೀಲೆಂಟ್: ಅದು ವ್ಯಾಕ್ಸೇ ಅಲ್ಲ, ಬಣ್ಣದ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆಯಂತೆ ಅಂಟಿಕೊಳ್ಳುವ ದ್ರವ.

"ಇದನ್ನ ವರ್ಷಕ್ಕ ಎರಡು ಸಲ ಹಚ್ಚಿದ್ರ ಸಾಕು ಅಕ್ಕಾ" ಎಂದ ತಮ್ಮ.

ಜಗಲಿಯ ಮೇಲಿದ್ದ ಮಾವನವರು ಎಲೆ ಅಡಿಕೆ ಮಡಿಸುವುದನ್ನು ನಿಲ್ಲಿಸಿದರು. "ಹಂಗಾದ್ರ ಈ ಡ್ರೈವರನ್ನ ಮಿಲ್ಲಿಗೆ ಕಳಿಸಬಹುದಲ್ಲ. ಗೇಟಿನಾಗ ಕುಂದ್ರಾಕ ನಂಬಿಗಸ್ಥ ಮನಷಾ ಬೇಕಾಗ್ಯಾನ."

ಕಾಕಾ ಅಲ್ಲೇ ಗೇಟಿನ ಕೀಲಿಗೆ ಎಣ್ಣೆ ಬಿಡುತ್ತಿದ್ದರು. ಮಿಲ್ಲಿಗೆ ಹೋದರೆ ವಾರವಿಡೀ ಕಂಪ್ಲಿಯ ರೂಮಿನಲ್ಲಿ ಒಬ್ಬರೇ ಇರಬೇಕು. ಹೆಂಡತಿ ಇಲ್ಲಿ, ಆಕೆಗೆ ಕಣ್ಣು ಮಂಜು. ಇದು ಎಲ್ಲರಿಗೂ ಗೊತ್ತಿತ್ತು. ಕಾಕಾ ತಿರುಗಿ ನೋಡಲಿಲ್ಲ, ಎಣ್ಣೆ ಮಾತ್ರ ಕೀಲಿನಿಂದ ನೆಲಕ್ಕೆ ಇಳಿಯುತ್ತಿತ್ತು.

"ಸುಮ್ನ ಬ್ಯಾಡ, ಪರೀಕ್ಷಾ ಮಾಡಿ ನೋಡೋಣು" ಎಂದು ಮಾವನವರು ನನ್ನ ಕಡೆ ತಿರುಗಿದರು. "ನೀ ಕಾನ್ವೆಂಟಿನಾಗ ಓದಿದಾಕಿ. ಬಾಟ್ಲಿ ಓದಿ, ಹಚ್ಚಿ, ಯಾವುದು ಛಲೋ ಅಂತ ನೀನ ಹೇಳು. ನೀ ಹೇಳಿದಂಗ ಮಾಡೋಣು."

ನಿಜ ಹೇಳಬೇಕೆಂದರೆ ನನಗೆ ಸಂತೋಷವೇ ಆಯಿತು. ಬಳ್ಳಾರಿಯ ಕಾನ್ವೆಂಟಿನಲ್ಲಿ ಹನ್ನೊಂದು ವರ್ಷ ಕಲಿತ ಇಂಗ್ಲಿಷು ಈ ಮನೆಯಲ್ಲಿ ಬಳಕೆಗೆ ಬಂದದ್ದು ಟೆಲಿಗ್ರಾಂ ಓದುವುದಕ್ಕೆ ಮತ್ತು ಮಕ್ಕಳ ಹೋಂವರ್ಕಿಗೆ. ನಮಗೆ ಸೈನ್ಸ್ ಕಲಿಸಿದ ಸಿಸ್ಟರ್ ಒಬ್ಬರಿದ್ದರು, ಬೆತ್ತದಂತಹ ಹೆಂಗಸು. ಬೋರ್ಡಿನ ಮೇಲೆ 'ಫೇರ್ ಟೆಸ್ಟ್' ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುವರು. ಒಂದೇ ಒಂದನ್ನು ಬದಲಿಸು, ಉಳಿದದ್ದೆಲ್ಲ ಒಂದೇ ರೀತಿ ಇರಲಿ. ಇಪ್ಪತ್ತೈದು ವರ್ಷದ ಮೇಲೆ ಆ ಎರಡು ಗೆರೆ ನನಗೆ ಉಪಯೋಗಕ್ಕೆ ಬಂದವು ಅಂದುಕೊಂಡೆ.

ಸೀಲೆಂಟ್ ಹಿಡಿಯಬೇಕಾದರೆ ಹಳೆಯ ವ್ಯಾಕ್ಸ್ ಪೂರ್ತಿ ಹೋಗಬೇಕೆಂದು ಬಾಟಲಿ ಹೇಳುತ್ತಿತ್ತು. ಸೋಪಿನ ನೀರಿನಲ್ಲಿ ಮೂರು ಸಲ ಬಾನೆಟ್ ತೊಳೆಸಿದೆ. ತೊಳೆದವರು ಕಾಕಾನೇ. ಬಕೇಟಿನ ನೀರು ಬೂದಿ ಬಣ್ಣಕ್ಕೆ ತಿರುಗಿತು.

"ನೋಡ್ರಿ ಅಮ್ಮಾರ, ನನ್ನ ಸರ್ವೀಸು ಪೂರಾ ಬಕೇಟಿನಾಗ ಐತಿ" ಎಂದು ನಕ್ಕರು. ನಾನೂ ನಕ್ಕೆ.

ಹೊಲಿಗೆ ದಾರ ಎಳೆದು ಬಾನೆಟ್ಟನ್ನು ಮೂರು ಪಾಲು ಮಾಡಿದೆ. ಎಡಕ್ಕೆ ಕಾಕಾನ ಹಳದಿ ಡಬ್ಬಿ, ನಡುವೆ ಸ್ಪ್ರೇ, ಬಲಕ್ಕೆ ಸೀಲೆಂಟ್. ಆಮೇಲೆ ಯಾವುದನ್ನೂ ಮತ್ತೆ ಹಚ್ಚಕೂಡದು. ಪ್ರತಿ ಭಾನುವಾರ ಕಾಲುವೆಯಲ್ಲಿ ತೊಳೆದು ಬಂದ ಮೇಲೆ ಒಂದು ತಂಬಿಗೆ ನೀರು ಸುರಿದು ಹನಿ ಹೇಗೆ ನಿಲ್ಲುತ್ತದೆ ಎಂದು ನೋಡುತ್ತಿದ್ದೆ. ಪದರು ಗಟ್ಟಿಯಿದ್ದರೆ ನೀರು ಮುತ್ತಿನಂತೆ ಗುಂಡಗೆ ನಿಲ್ಲುತ್ತದೆ, ಸವೆದಿದ್ದರೆ ಹಾಳೆಯ ಹಾಗೆ ಹರಡುತ್ತದೆ. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ ಬರೆದಿಟ್ಟೆ.

ಸ್ಪ್ರೇ ಮೂರನೆಯ ವಾರಕ್ಕೇ ಕೈಕೊಟ್ಟಿತು. ಹಚ್ಚಿದ ದಿನ ಎಲ್ಲಕ್ಕಿಂತ ಹೆಚ್ಚು ಹೊಳೆದದ್ದು ಅದೇ. ಮದುವೆ ಮನೆಯ ಪೌಡರಿನ ಹಾಗೆ. ಹಳದಿ ಡಬ್ಬಿಯದು ದೀಪಾವಳಿ ದಾಟಿ ಇನ್ನೂ ಒಂದಿಷ್ಟು ದಿನ ಬಂತು. ಅದರ ಹೊಳಪು ಆಳವಾದದ್ದು, ಬಾವಿಯ ನೀರನ್ನು ಬಗ್ಗಿ ನೋಡಿದ ಹಾಗೆ. ಸೀಲೆಂಟಿನ ಹೊಳಪು ಸ್ವಲ್ಪ ತಣ್ಣಗೆ, ಗಾಜಿನಂತೆ. ಆದರೆ ಸಂಕ್ರಾಂತಿ ಬಂದರೂ ಅದರ ಮೇಲೆ ನೀರು ಮುತ್ತು ಮುತ್ತಾಗಿಯೇ ನಿಂತಿತ್ತು. ಸಂಡೂರಿನ ಕೆಂಪು ಧೂಳು ಒಂದೇ ತಂಬಿಗೆಗೆ ಜಾರಿ ಹೋಗುತ್ತಿತ್ತು.

ಪ್ರತಿ ಭಾನುವಾರ ಕಾಕಾ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಒಂದು ಸಲ ಮಾತ್ರ, "ಬ್ಯಾಸಗಿ ಮಟ ನೋಡ್ತೀರೇನ್ರಿ?" ಎಂದು ಕೇಳಿದರು. ಅವರು ದಿನ ತಳ್ಳುತ್ತಿದ್ದಾರೆ ಎಂದುಕೊಂಡೆ. ರಿಸಲ್ಟ್ ಕಣ್ಣೆದುರಿಗೇ ಇದೆಯಲ್ಲ ಕಾಕಾ, ಎಂದೆ. ಸಂಕ್ರಾಂತಿಯ ಮಾರನೆಯ ದಿನ ನೋಟ್‌ಬುಕ್ಕನ್ನು ಮಾವನವರ ಮುಂದೆ ಇಟ್ಟು ಸೀಲೆಂಟೇ ಬೆಸ್ಟ್ ಎಂದು ಹೇಳಿದೆ. ಸುಳ್ಳು ಹೇಳಲಿಲ್ಲ. ಆ ವಾರವೇ ಕಾಕಾ ಟ್ರಂಕು ತೆಗೆದುಕೊಂಡು ಕಂಪ್ಲಿ ಬಸ್ಸು ಹತ್ತಿದರು. ಧೋತರದ ತುಂಡುಗಳನ್ನು ಒಗೆದು, ಮಡಿಸಿ, ಡಬ್ಬಿಯ ಜೊತೆ ಗ್ಯಾರೇಜಿನ ಗೂಡಿನಲ್ಲಿಟ್ಟು ಹೋಗಿದ್ದರು.

ಇಡೀ ಕಾರಿಗೆ ನಾನೇ ನಿಂತು ಸೀಲೆಂಟ್ ಹಚ್ಚಿದೆ. ಎರಡು ತಿಂಗಳು ಅದು ಹೊಸ ಕಾರೇ ಆಗಿತ್ತು.

ನಮ್ಮ ಕಡೆ ಬೇಸಿಗೆಯಲ್ಲಿ ಕಾಲುವೆ ಬಂದ್ ಮಾಡುತ್ತಾರೆ. ಮೆಟ್ಟಿಲ ಬುಡದಲ್ಲಿ ಕೆಸರು ಬಿರುಕು ಬಿಡುತ್ತದೆ, ಎಮ್ಮೆಗಳು ಬಂದು ಪೆಚ್ಚಾಗಿ ನಿಲ್ಲುತ್ತವೆ. ಆ ವರ್ಷ ನಮ್ಮಲ್ಲಿ ಹೊಸದಾಗಿ ಬೋರು ಹಾಕಿಸಿದ್ದೆವು. ಆ ನೀರಿಗೆ ಬೇಳೆ ಬೇಯುತ್ತಿರಲಿಲ್ಲ, ಸೋಪು ನೊರೆ ಬರುತ್ತಿರಲಿಲ್ಲ, ಬಚ್ಚಲ ಹಂಡೆಯ ಒಳಗೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಇದೆಲ್ಲ ಅಡುಗೆಮನೆಯಲ್ಲಿ ದಿನಾ ಗೊಣಗುತ್ತಿದ್ದವಳು ನಾನೇ. ಅದೇ ನೀರಿನ ಪೈಪನ್ನು ಎಳೆದು ತಂದು ಕಾರಿಗೆ ಹಿಡಿದವಳೂ ನಾನೇ. ಬಾನೆಟ್ ತುಂಬ ಮುತ್ತು ನಿಂತವು. ಎಷ್ಟು ಚೆಂದ ಎಂದು ನೋಡುತ್ತ ನಿಂತೆ, ಒರೆಸಲಿಲ್ಲ. ಏಪ್ರಿಲ್ ಬಿಸಿಲಿಗೆ ಹನಿಗಳು ಇದ್ದಲ್ಲೇ ಒಣಗಿದವು. ಪ್ರತಿ ಹನಿಯ ಜಾಗದಲ್ಲಿ ಒಂದು ಬಿಳಿ ಉಂಗುರ.

ತೊಳೆದರೆ ಹೋಗಬಹುದೆಂದು ಮತ್ತೆ ತೊಳೆದೆ, ಅದೇ ನೀರಿನಿಂದ. ಮೇ ತಿಂಗಳ ಮದುವೆಗಳು ಬರುವಷ್ಟರಲ್ಲಿ ಬಾಗಿಲು, ಟಾಪು, ಡಿಕ್ಕಿ, ಎಲ್ಲ ಕಡೆ ಉಂಗುರದ ಮೇಲೆ ಉಂಗುರ. ಹಂಪಿಗೆ ಹೊರಟ ಬೀಗರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಏನ್ರಿ ಬೀಗರ, ನಿಮ್ಮ ಕಾರಿಗೆ ಸಿಡುಬು ಎದ್ದಾವಲ್ರಿ. ಬೇವಿನ ಸೊಪ್ಪು ಹಾಸಿ ಮಲಗಿಸ್ರಿ" ಎಂದರು. ಎಲ್ಲರೂ ನಕ್ಕರು. ಮಾವನವರು ಒಂದು ಉಂಗುರದ ಮೇಲೆ ಹೆಬ್ಬೆರಳು ಆಡಿಸಿ ಒಳಗೆ ಹೋದರು.

ಎಲ್ಲವನ್ನೂ ಒಂದೇ ರೀತಿ ಇಟ್ಟಿದ್ದೆನಲ್ಲ, ಎಲ್ಲಿ ತಪ್ಪಿದೆ ಎಂದು ಎರಡು ದಿನ ಯೋಚಿಸಿದೆ. ಇಟ್ಟಿದ್ದೆ, ನೀರನ್ನೂ ಒಂದೇ ರೀತಿ ಇಟ್ಟಿದ್ದೆ. ನನ್ನ ಪರೀಕ್ಷೆ ನಡೆದದ್ದು ಪೂರ್ತಿ ಕಾಲುವೆ ಹರಿಯುವ ದಿನಗಳಲ್ಲಿ. ಆ ಮೆದು ನೀರು ಒಣಗಿದರೆ ಹೇಳಿಕೊಳ್ಳುವಂಥ ಕಲೆ ಉಳಿಯುವುದಿಲ್ಲ. ಬೇಸಿಗೆಯ ಪೇಪರನ್ನು ಬರೆಯದೆಯೇ ನಾನು ಪಾಸು ಫೇಲು ಹೇಳಿಬಿಟ್ಟಿದ್ದೆ. ಅಷ್ಟಕ್ಕೇ ಒಬ್ಬ ಮನುಷ್ಯ ಮನೆ ಬಿಟ್ಟು ಹೋಗಬೇಕಾಗಿ ಬಂದಿತ್ತು.

ಯಜಮಾನರು ಮಿಲ್ಲಿಗೆ ಹೊರಟ ದಿನ ನಾನೂ ಕಾರು ಹತ್ತಿದೆ. ಕಾಕಾ ಗೇಟಿನ ಬಳಿ ಸ್ಟೂಲಿನ ಮೇಲೆ ಕೂತಿದ್ದರು, ಹುಬ್ಬಿನ ಮೇಲೆಲ್ಲ ತೌಡು. ನನಗೆ ನಮಸ್ಕಾರ ಮಾಡುವ ಮೊದಲು ಬಾನೆಟ್ಟನ್ನು ನೋಡಿದರು.

"ಬೋರಿನ ನೀರು" ಎಂದರು.

"ನಿಮಗ ಮೊದಲ ಗೊತ್ತಿತ್ತೇನು ಕಾಕಾ?"

"ಗೊತ್ತಿತ್ರಿ. ಹಿಂದಕ ಒಂದ್ಸಲ ದರೋಜಿಯಾಗ ಭಾವಿ ನೀರಿಲೆ ತೊಳದು ಕೆಟ್ಟೀನಿ. ಬ್ಯಾಸಗಿಯಾಗ ನಾ ಕಾರು ತೊಳದದ್ದು ನೀವು ಕಂಡೀರೇನು? ನಳದ ನೀರು ಒಂದು ಬಕೇಟು ಹಿಡದು, ಹಸಿ ಬಟ್ಟೀಲೆ ಧೂಳು ಎತ್ತಿ ಎತ್ತಿ ತಗೀತಿದ್ದೆ."

ಕಂಡಿದ್ದೆ. ಆ ಬಕೇಟನ್ನು ಇಪ್ಪತ್ತು ವರ್ಷ ಕಂಡಿದ್ದೆ. ನಳದ ನೀರಿಗೆ ಕಷ್ಟವೆಂದು ಹಾಗೆ ಮಾಡುತ್ತಾರೆ ಅಂದುಕೊಂಡಿದ್ದೆ.

"ಮತ್ತ ಯಾಕ ಹೇಳಲಿಲ್ಲ?"

"ಬ್ಯಾಸಗಿ ಮಟ ನೋಡ್ರಿ ಅಂದ್ನಲ್ಲ. ನೀವು ಬಾಟ್ಲಿನ್ನ ಕೇಳಿದ್ರಿ, ನೋಟ್‌ಬುಕ್ಕನ್ನ ಕೇಳಿದ್ರಿ. ನನ್ನ ಯಾರು ಕೇಳಿದ್ರು?" ಸಿಟ್ಟಿನಿಂದ ಹೇಳಲಿಲ್ಲ. "ಅದರಾಗ ಕೆಲ್ಸ ಹೋಗೋದು ನಂದು. ನಾ ಏನ್ ಹೇಳಿದ್ರೂ ಹೊಟ್ಟಿಪಾಡಿಗೆ ಹೇಳ್ತಾನ ಅಂತಿದ್ರಿ."

ಅದೂ ನಿಜ. ಹಾಗೆಯೇ ಅಂದುಕೊಂಡಿದ್ದೆನಲ್ಲ.

ಯಜಮಾನರ ಒಪ್ಪಿಗೆ ಪಡೆದು ಅಂದೇ ಅವರನ್ನು ಕಾರಿನಲ್ಲಿ ಹೊಸಪೇಟೆಗೆ ಕರೆತಂದೆ. ಟ್ರಂಕನ್ನು ಅವರು ತರಲಿಲ್ಲ. ಕರೆಸಿದವಳು ಸೊಸೆ, ಕಳಿಸಿದವರು ಧಣಿ. ಅವರ ಬಾಯಿಂದ ಮಾತು ಬರಲಿ ಎಂದರು. ಜಗಲಿಯ ಮೇಲೆ, ಕಾಕಾ ನಿಂತಿರುವಾಗಲೇ, ನನ್ನ ಪರೀಕ್ಷೆ ತಪ್ಪು ಎಂದು ಮಾವನವರಿಗೆ ಹೇಳಿದೆ.

"ತಪ್ಪು ಬಾಟ್ಲಿದಾ, ನಿಂದಾ?" ಎಂದು ಅವರು ಕೇಳಿದರು.

"ನಂದು."

ಮಾವನವರು ಕಾಕಾನನ್ನು ನೋಡಿ, "ಏನಪಾ, ಇವು ಹೋಗ್ತಾವ?" ಎಂದರು.

"ಹೋಗೂವು ಹೋಗ್ತಾವ್ರಿ ಧಣ್ಯಾರ. ಬಣ್ಣದಾಗ ಇಳದದ್ದು ಉಳೀತೈತಿ."

"ಹಂಗಾರ ನಿಂತು ಯಾಕ ಮಾತಾಡ್ತಿ? ಹಚ್ಚು ಕೆಲ್ಸ."

ಅಷ್ಟೇ. ನಮ್ಮ ಮಾವನವರಿಂದ ಅದಕ್ಕಿಂತ ಹೆಚ್ಚಿನ ಮಾತನ್ನು ಯಾರೂ ನಿರೀಕ್ಷಿಸುತ್ತಿರಲಿಲ್ಲ. ಮರುದಿನ ಮಿಲ್ಲಿನ ಲಾರಿಯಲ್ಲಿ ಟ್ರಂಕು ಬಂತು.

ನಳದ ನೀರಿಗೆ ನಿಂಬೆರಸ ಹಿಂಡಿ, ನೆರಳಿನಲ್ಲಿ ಕಾರು ನಿಲ್ಲಿಸಿ, ಒಂದೊಂದು ಗೇಣು ಜಾಗವನ್ನು ಒದ್ದೆ ಮಾಡಿ ಒರೆಸುತ್ತ ಕಾಕಾ ನಾಲ್ಕು ದಿನ ತೆಗೆದುಕೊಂಡರು. ನಿಂಬೆಹಣ್ಣು ಹೆಚ್ಚಿಕೊಟ್ಟವಳು ನಾನು. ಬಹಳಷ್ಟು ಉಂಗುರ ಹೋದವು. ಬಾನೆಟ್ಟಿನ ಬಲಗಡೆ ಏಳೆಂಟು ಉಳಿದವು. ಅವನ್ನು ಪಾಲಿಶಿನಿಂದ ಕೊರೆದು ತೆಗೆಯಬಹುದಲ್ಲ ಎಂದೆ.

"ಬ್ಯಾಡ್ರಿ. ಬಣ್ಣ ತೆಳ್ಳಗಾಗೈತಿ, ಇದ್ದಷ್ಟು ಇರ್ಲಿ" ಎಂದು ಬಟ್ಟೆ ಹಿಂಡಿದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು, "ಆ ಸೀಲೆಂಟಿನ ಬಾಟ್ಲಿ ಇನ್ನೂ ಉಳದೈತೇನ್ರಿ?"

ಅರ್ಧ ಉಳಿದಿತ್ತು. ಯಾಕೆ ಎಂದು ಕೇಳಿದೆ.

"ಕಾಲವಿಗೆ ನೀರು ಬಿಟ್ಟ ಮ್ಯಾಲ ಹಚ್ತೀನಿ. ಮಸ್ತ್ ಮಾಲು ಅದು. ನೀವು ಹೇಳಿದ್ದೇನು ಸುಳ್ಳಲ್ಲ."

ಆ ಮೇಲಿನ ವರ್ಷಗಳಲ್ಲಿ ಹಾಗೆಯೇ ನಡೆಯಿತು. ಕಾಲುವೆ ಹರಿಯುವಾಗ ಬಾಟಲಿ, ಬಂದ್ ಆದ ಮೇಲೆ, ಕಲೆ ಕೂತರೂ ವಾರವಾರ ತಿಕ್ಕಿ ಹೊಸದಾಗಿ ಹಚ್ಚಬಹುದಾದ ಹಳದಿ ಡಬ್ಬಿ ಮತ್ತು ಒಂದು ಬಕೇಟು ನಳದ ನೀರು. ಬಾಟಲಿ ತೀರಿದಾಗ ತಮ್ಮನಿಗೆ ಪತ್ರ ಬರೆದು ಇನ್ನೊಂದು ತರಿಸಿದೆ. ಅದರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದು ಕೇಳಿದವರು ಕಾಕಾ. ಪ್ರತಿ ಬೇಸಿಗೆಯಲ್ಲಿ ಕಾಲುವೆ ಬಂದ್ ಆದ ದಿನ ಅವರು ಬೋರಿನ ಪೈಪನ್ನು ಸುತ್ತಿ ಗ್ಯಾರೇಜಿನ ಎತ್ತರದ ಗೂಟಕ್ಕೆ ನೇತು ಹಾಕುವರು, ನನ್ನ ಕೈಗೆ ಎಟುಕದಷ್ಟು ಎತ್ತರಕ್ಕೆ.