ಮನೆಯಲ್ಲಿ ಒಂದೇ ಮಾತು

ನಾನು ಹುಟ್ಟಿದ್ದು ನಿಪ್ಪಾಣಿಯ ಮರಾಠಿ ಮನೆಯಲ್ಲಿ, ಶಾಲೆ ಕಲಿತದ್ದು ಕನ್ನಡದಲ್ಲಿ. ಉಗಾರ ಬುದ್ರುಕಿನ ಕಬ್ಬಿನ ಮನೆತನಕ್ಕೆ ಸೊಸೆಯಾಗಿ ಬಂದಾಗ ನನ್ನ ಕನ್ನಡ ಕೇಳಿ ಅತ್ತೆ ನಕ್ಕಿದ್ದರು, ಮಾಸ್ತರರು ಹಾಜರಿ ಕರೆದ ಹಾಗೆ ಮಾತಾಡುತ್ತೀಯಲ್ಲ ಎಂದು. ಅವರು ಹೇಳಿದ್ದು ಸುಳ್ಳಲ್ಲ. ಕನ್ನಡದಲ್ಲಿ ನನಗೆ ಅರ್ಜಿ ಬರೆಯಲು ಬರುತ್ತಿತ್ತು, ಸಂತೆಯಲ್ಲಿ ಜಗಳಾಡಲೂ ಚೆನ್ನಾಗಿ ಬರುತ್ತಿತ್ತು, ಮುದ್ದು ಮಾಡಲು ಮಾತ್ರ ಬರುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲೆ ಅದು ಗೊತ್ತಾಯಿತು. ಅವಳನ್ನು ಎತ್ತಿಕೊಂಡ ಕೂಡಲೇ ಬಾಯಿಗೆ ಬರುತ್ತಿದ್ದುದೆಲ್ಲ ನನ್ನ ಆಯಿ, ಅಂದರೆ ನನ್ನ ತಾಯಿ, ಆಡುತ್ತಿದ್ದ ಮರಾಠಿ. ಎಣ್ಣೆ ಹಚ್ಚುವಾಗ, ಬಟ್ಟೆ ತೊಡಿಸುವಾಗ, ಸುಮ್ಮನೆ ಕೂತಾಗಲೂ ನನ್ನ ಬಾಯಿಗೆ ಬಿಡುವಿರುತ್ತಿರಲಿಲ್ಲ.

ಮಗಳಿಗೆ ಎರಡು ತುಂಬಿ ಮೂರು ನಡೆಯುತ್ತಿತ್ತು. ಅವ್ವ ಅನ್ನಲಿಲ್ಲ, ಆಯಿ ಅಂತಲೂ ಅನ್ನಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ತಿರುಗಿಸಿ, ಅದು ಬೀಳುವ ತನಕ ನೋಡಿ, ಮತ್ತೆ ತಿರುಗಿಸುತ್ತಿದ್ದಳು. ತಿನ್ನುತ್ತಿದ್ದುದು ಬರೀ ಬಿಳಿ ಅನ್ನ. ಒಂದು ಹನಿ ಸಾರು ತಾಗಿದರೆ ತಟ್ಟೆ ಗೋಡೆಗೆ ಹಾರುತ್ತಿತ್ತು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಸಾಲುಗಟ್ಟಿ ಹೋಗುವಾಗ ಕಿವಿ ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುತ್ತಿದ್ದಳು. ಆ ತಿಂಗಳುಗಳಲ್ಲಿ ನಾನು ಅವಳನ್ನು ಎದೆಗೆ ಒತ್ತಿಕೊಂಡು ಒಳಕೋಣೆಯಲ್ಲೇ ಇರುತ್ತಿದ್ದೆ. ಆ ಡ್ರೈವರುಗಳಿಗೆ ನಾನು ಹಾಕಿದ ಶಾಪ ಒಂದೂ ತಾಗಲಿಲ್ಲ ಬಿಡಿ, ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ.

ಬಂದವರೆಲ್ಲ ಒಂದೊಂದು ಹೇಳಿದರು. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚು ಎಂದರು, ಹಚ್ಚಿದೆ. ಕಿವಿ ಕೇಳಿಸದಿರಬಹುದು ಎಂದರು. ಚಿಕ್ಕೋಡಿಗೆ ಒಯ್ದು ತೋರಿಸಿದೆವು, ಕಿವಿ ಸರಿಯಾಗಿಯೇ ಇತ್ತು. ಗಂಡನಿಗೆ ಹಿಡಿಸಲಾರದಷ್ಟು ಖುಷಿ. ನನಗೆ ಖುಷಿಯಾಗಲಿಲ್ಲ. ಕಿವಿ ಸರಿಯಿದ್ದರೆ ನಾನು ಕರೆದದ್ದು ಅವಳಿಗೆ ಕೇಳುತ್ತಿದೆ. ಕೇಳಿಯೂ ತಿರುಗುವುದಿಲ್ಲ ಎಂದರೆ ಏನು?

ಅದಕ್ಕೆ ಉತ್ತರ ಕೊಟ್ಟವರು ಅತ್ತೆ. "ಮನ್ಯಾಗ ಎರಡೆರಡ ಮಾತು. ಕೂಸಿಗೆ ಯಾವ್ದ ಹಿಡೀಬೇಕಂತ ತಿಳೀವಲ್ದು. ಮೊದಲ ಒಂದ ಬರಲಿ ತಗೀ" ಎಂದರು. ನಮ್ಮ ಗಡಿಯ ಕಡೆ ಇದೇನು ಹೊಸ ಮಾತಲ್ಲ, ಮಾತು ತಡವಾದ ಮಕ್ಕಳಿಗೆಲ್ಲ ಇದನ್ನೇ ಹೇಳುತ್ತಾರೆ. ಅಂಗನವಾಡಿಯಲ್ಲೂ ಇದನ್ನೇ ಹೇಳಿದರು. ನನಗೂ ಸರಿಯೆನಿಸಿತು. ಅಂತೂ ಒಂದು ಕಾರಣ ಸಿಕ್ಕಿತಲ್ಲ! ಮಗಳ ಮುಂದೆ ಮರಾಠಿ ಬಂದ್ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ಮನೆಯಲ್ಲಿ ಮರಾಠಿಯವಳು ನಾನೊಬ್ಬಳೇ, ಹಾಗಾಗಿ ಬಂದ್ ಆದದ್ದು ನನ್ನ ಬಾಯಿ.

ವರ್ಷಕ್ಕೂ ಮೇಲೆ ಹಾಗೇ ನಡೆಯಿತು. ಬಾ, ಕೂಡು, ತಿನ್ನು, ಬೇಡ. ಮಗಳ ಜೊತೆ ನನ್ನ ಕನ್ನಡ ಅಷ್ಟಕ್ಕೇ ಮುಗಿಯುತ್ತಿತ್ತು. ಎಣ್ಣೆ ಹಚ್ಚುವಾಗ ಸುಮ್ಮನೆ ಹಚ್ಚುತ್ತಿದ್ದೆ. ತುಟಿಯ ತನಕ ಬಂದದ್ದನ್ನು ನುಂಗುತ್ತಿದ್ದೆ. ಆಯಿಗೆ ಫೋನು ಮಾಡಬೇಕೆಂದರೆ ದನದ ಕೊಟ್ಟಿಗೆಗೆ ಹೋಗುತ್ತಿದ್ದೆ, ಮಗಳ ಕಿವಿಗೆ ಬೀಳಬಾರದೆಂದು. ಒಮ್ಮೆ ಆಯಿಯೇ ನಿಪ್ಪಾಣಿಯಿಂದ ಬಂದಳು. ಅವಳಿಗೆ ಕನ್ನಡ ಬರುವುದು ಅಷ್ಟಕ್ಕಷ್ಟೆ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಾಯಿಗೆ ಸೆರಗು ಒತ್ತಿಕೊಂಡು ಸುಮ್ಮನೆ ಕೂತಿದ್ದಳು. ವಾರ ಇರುತ್ತೇನೆಂದು ಬಂದವಳು ಮರುದಿನವೇ ಬಸ್ಸು ಹತ್ತಿದಳು.

ಮಗಳಿಗೆ ಕನ್ನಡವೂ ಬರಲಿಲ್ಲ. ಕೊನೆಗೆ ಅಥಣಿಯ ಮಕ್ಕಳ ಡಾಕ್ಟರು ಮಿರಜಿಗೆ ಹೋಗಿ ಎಂದು ಚೀಟಿ ಬರೆದುಕೊಟ್ಟರು. ಗಂಡ, ನಾನು, ಮಗಳು ರೈಲಿನಲ್ಲಿ ಹೋದೆವು. ಅಲ್ಲಿಯ ಡಾಕ್ಟರು ನನ್ನ ವಯಸ್ಸಿನ ಹೆಂಗಸು. ನಮ್ಮ ಕಡೆಯ ಕನ್ನಡವನ್ನೇ ಆಡುತ್ತಿದ್ದರು. ಕುರ್ಚಿ ಬಿಟ್ಟು ನೆಲದ ಮೇಲೆ ಕೂತು ಬಹಳ ಹೊತ್ತು ಮಗಳ ಜೊತೆ ಮುಚ್ಚಳ ತಿರುಗಿಸಿದರು. ಆಮೇಲೆ, ಮನೆಯಲ್ಲಿ ಇವಳ ಜೊತೆ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದರು. ಬರೀ ಕನ್ನಡ, ಒಂದಕ್ಷರ ಮರಾಠಿ ಆಡಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿದೆ. ಮೆಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ.

"ಎರಡ ಮಾತು ಕೇಳಿದ್ದಕ್ಕ ಯಾವ ಕೂಸಿಗೂ ಹಿಂಗ ಆಗೂದಿಲ್ರಿ" ಎಂದರು. "ಇದು ಆಟಿಸಂ. ಹುಟ್ಟಿನಿಂದ ಬಂದದ್ದು. ನಿಮಗ ಯಾವ ಮಾತಿನ್ಯಾಗ ಅಕೀನ್ನ ಮುದ್ದ ಮಾಡಾಕ ಬರ್ತೈತಿ, ಅದರಾಗ ಮಾತಾಡ್ರಿ."

ಗಂಡ, ಯಾವಾಗ ಮಾತಾಡುತ್ತಾಳೆ ಎಂದು ಕೇಳಿದ. ಮಾತಾಡಬಹುದು, ಆಡದೆಯೂ ಇರಬಹುದು, ಮನಸ್ಸಿನಲ್ಲಿದ್ದುದನ್ನು ತಿಳಿಸುವುದಕ್ಕೆ ಬೇರೆ ದಾರಿಗಳನ್ನೂ ಕಲಿಸೋಣ ಎಂದರು. ಅವನು ಗೋಡೆ ನೋಡುತ್ತಾ ಕಣ್ಣು ಒರೆಸಿಕೊಂಡ. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ರೋಗಕ್ಕೆ ಹೆಸರು ಸಿಕ್ಕಿತು ಸರಿ, ನಾನು ಮಗಳ ಜೊತೆ ಆಡದೇ ಬಿಟ್ಟ ಅಷ್ಟು ಮಾತು ಯಾರು ತಂದುಕೊಡುತ್ತಾರೆ?

ವಾಪಸು ಬರುವಾಗ ರೈಲಿನಲ್ಲಿ ಶುರು ಮಾಡಿದೆ. ಮೊದಲಿಗೆ 'ಬಾಳಾ' ಎಂದೆ, ಮಗೂ ಎಂದು. ಅಷ್ಟೇ, ಆಮೇಲೆ ನಿಲ್ಲಲಿಲ್ಲ. ಕೃಷ್ಣೆ, ಕಬ್ಬು, ಅವಳ ಅಜ್ಜಿ, ಎದುರಿಗೆ ಕೂತವಳ ಬುಟ್ಟಿಯ ಬಾಳೆಹಣ್ಣು, ಕಂಡದ್ದು ಕಾಣದ್ದು ಎಲ್ಲವನ್ನೂ ನನ್ನ ಮರಾಠಿಯಲ್ಲಿ ಹೇಳಿದೆ. ಬುಟ್ಟಿಯವಳು ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ನೋಡಿದರೆ ನೋಡಲಿ. ಮಗಳು ತಿರುಗಿದಳೇ ಎಂದರೆ, ಇಲ್ಲ. ಇದೇನು ಸಿನಿಮಾ ಅಲ್ಲವಲ್ಲ, ಅವಳು ಕಿಟಕಿಯ ಹೊರಗೆ ನೋಡುತ್ತಲೇ ಇದ್ದಳು.

ಮನೆಯಲ್ಲಿ ಅತ್ತೆ ಎಲ್ಲ ಕೇಳಿಸಿಕೊಂಡರು. "ಕೂಸಿಗೆ ಮಾತು ಬರಲಿ ಅಂತ ಅದರ ಅವ್ವನ್ನ ಮೂಕಿ ಮಾಡಿದ್ನಲ್ಲ ನಾ" ಎಂದರು. ಅಷ್ಟು ಹೇಳಿ ನಿಪ್ಪಾಣಿಗೆ ತಾವೇ ಫೋನು ಹಚ್ಚಿದರು, ಬೀಗಿತ್ತಿಗೆ ಬರ್ರಿ ಎಂದು ಹೇಳಲು. ಆಯಿ ಮರುದಿನವೇ ಬಂದಳು, ಈ ಸಲ ತಿಂಗಳು ಇದ್ದಳು.

ಈಗ ಮಗಳಿಗೆ ಆರು. ನೀರು ಬೇಕಾದರೆ ಲೋಟದ ಚಿತ್ರ ಮುಟ್ಟಿ ತೋರಿಸುತ್ತಾಳೆ. ವಾರಕ್ಕೊಮ್ಮೆ ಚಿಕ್ಕೋಡಿಗೆ, ಮಾತು ಕಲಿಸುವವರ ಹತ್ತಿರ ಕರೆದೊಯ್ಯುತ್ತೇನೆ. ಅಲ್ಲಿಯ ಬಸ್ ಸ್ಟ್ಯಾಂಡಿನಲ್ಲಿ ಯಾವುದೋ ಮಗು 'ಅವ್ವಾ' ಎಂದು ಕೂಗಿದರೆ ತಿರುಗುತ್ತೇನೆ, ಇನ್ನೊಂದು 'ಆಯೀ' ಎಂದರೂ ತಿರುಗುತ್ತೇನೆ. ನನ್ನದಲ್ಲ ಎಂದು ಗೊತ್ತಿದ್ದೂ ಕತ್ತು ತಾನೇ ತಿರುಗುತ್ತದೆ. ಯಾವುದಾದರೂ ಒಂದು, ಒಂದೇ ಒಂದು ಸಲ, ಅವಳ ಬಾಯಿಂದ ಕೇಳಬೇಕೆಂದು ಜೀವ ಹಂಬಲಿಸುತ್ತದೆ. ಮೊನ್ನೆಯೂ ಹಾಗೇ ಯಾರದೋ ಮಗುವನ್ನು ನೋಡುತ್ತಾ ನಿಂತಿದ್ದೆ. ಮಗಳು ನನ್ನ ಮಣಿಕಟ್ಟು ಹಿಡಿದು ಜಗ್ಗಿದಳು. ನಾನು ಓ ಎಂದೆ. ನಮ್ಮ ಬಸ್ಸು ಬಂದು ನಿಂತಿತ್ತು.