ಟಾನ್ ಎಂಗ್ರಾಸಿಯಾ ಹಿಡಿಸಿದ ಮಸೂದೆಯ ಜಪ

ನಮ್ಮ ಊರಲ್ಲಿ ಸತ್ತವರಿಗೆ, ಕಡಲಿಗೆ ಹೋದವರಿಗೆ, ಬಸುರಿಯರಿಗೆ ಜಪಮಾಲೆ ಹೇಳಿಸುತ್ತಿದ್ದವರು ಟಾನ್ ಎಂಗ್ರಾಸಿಯಾ. ನಮ್ಮ ಗುವಾಮ್ ದ್ವೀಪದಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಟಾನ್ ಎನ್ನುತ್ತೇವೆ, ಹೀಗೆ ಜಪ ಹೇಳಿಸುವವಳನ್ನು ತೇಚಾ ಎನ್ನುತ್ತೇವೆ. ಪಾದ್ರಿ ತಡವಾದರೆ ಯಾರಿಗೂ ಚಿಂತೆಯಿಲ್ಲ, ತೇಚಾ ಬಾರದೆ ಹೆಣ ಎತ್ತುವಂತಿಲ್ಲ. ಆದರೆ ಮಸೂದೆಗೆ ನೊವೆನಾ, ಅಂದರೆ ಒಂಬತ್ತು ದಿನದ ಜಪ, ಹಿಡಿಸಿದವರು ಲೋಕದಲ್ಲಿ ಇವರೊಬ್ಬರೇ ಇರಬೇಕು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯದವರು ಅವರ ಅಪ್ಪನ ಜಮೀನಿಗೆ ಬೇಲಿ ಹಾಕಿದರು. ತಾಯಿಯ ಸಮಾಧಿ ಒಳಗೇ ಉಳಿಯಿತು. ಸತ್ತವರ ಹಬ್ಬಕ್ಕೆ ಮಾತ್ರ ಕಾವಲುಗಾರನ ಎದುರಲ್ಲಿ ಹೂವಿಟ್ಟು ಬರಬಹುದು. "ಅವ್ವನ ಪಕ್ಕ ನನ್ನ ಮಲಗಿಸಿ, ಸಾಕು" ಎನ್ನುತ್ತಿದ್ದರು. ಆ ಆಸೆ ಕೈಗೂಡಲಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಅವರ ತಂಗಿಯ ಮಗ ಗೋಯೊ ದ್ವೀಪದ ಪ್ರತಿನಿಧಿಯಾಗಿ ವಾಷಿಂಗ್ಟನ್ನಿನ ಸಂಸತ್ತಿಗೆ ಹೋದ. ಕೆಂಪನ್ನ, ಸುಟ್ಟ ಹಂದಿ ಬಡಿಸಿ ಅವನಿಗಾಗಿ ಮತ ಕೇಳಿದ್ದು ಈ ದೊಡ್ಡಮ್ಮನೇ. ಆ ಸದನದಲ್ಲಿ ದ್ವೀಪದವನು ಮಸೂದೆ ಮಂಡಿಸಬಹುದು, ಭಾಷಣ ಬಿಗಿಯಬಹುದು. ಕೊನೆಗೆ ಕೈ ಎತ್ತುವಾಗ ಲೆಕ್ಕಕ್ಕಿಲ್ಲ. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕದ ಹಾಗೆ. ಆದರೂ ಗೋಯೊ ಪ್ರತಿ ಅವಧಿಯಲ್ಲೂ ಜಮೀನು ಮರಳಿಸುವ ಮಸೂದೆ ಮಂಡಿಸುತ್ತಿದ್ದ. ಅದು ಸಾಯುತ್ತಿತ್ತು, ಮುಂದಿನ ಸಲ ಹೊಸ ಸಂಖ್ಯೆ ಹೊತ್ತು ಹುಟ್ಟುತ್ತಿತ್ತು. ಟಾನ್ ಎಂಗ್ರಾಸಿಯಾ ಫೋನಿನಲ್ಲಿ ಸಂಖ್ಯೆ ಕೇಳಿಕೊಂಡು ಒಂಬತ್ತು ಸಂಜೆ ಜಪಕ್ಕೆ ಕೂರುತ್ತಿದ್ದರು. ಸಂತರ ಹೆಸರುಗಳ ನಡುವೆ ಆ ಸಂಖ್ಯೆ ಬಂದಾಗ ನಗು ನುಂಗಿಕೊಂಡು ದನಿಗೂಡಿಸಿದವರಲ್ಲಿ ನಾನೂ ಒಬ್ಬಳು.

ಕಡೆಯ ಸಲ ಹಾಗೆ ಜಪಿಸಿದ ಸಂಖ್ಯೆಯ ಮಸೂದೆ ಪಾಸಾಯಿತು. ರೇಡಿಯೋದವನು ಸಂಖ್ಯೆ ಓದಿದ್ದೇ ತಡ, ಮುಂದಿನದನ್ನು ಕೇಳುವ ತಾಳ್ಮೆ ಅವರಿಗೆಲ್ಲಿ? ಪೊರಕೆ, ಕುಡುಗೋಲು ಹಿಡಿದು, ನನ್ನನ್ನೂ ಎಳೆದುಕೊಂಡು ಬೇಲಿಯ ಗೇಟಿಗೆ ನಡೆದರು. ತಾಯಿಯ ಸಮಾಧಿಯ ಸುತ್ತ ಕಳೆ ಕೀಳಬೇಕಿತ್ತು. ಕಾವಲುಗಾರ ಯಾರಿಗೋ ಫೋನು ಮಾಡಿ ವಿಚಾರಿಸಿದ.

"ಅದು ಅಂಚೆ ಕಚೇರಿಗೆ ಹೆಸರಿಡೋ ಕಾನೂನು, ಅಜ್ಜಿ. ಜಮೀನಿನ ಮಾತೇ ಅದರಲ್ಲಿಲ್ಲ."

ಇಟ್ಟದ್ದು ಸಿಲ್ವೆಸ್ಟ್ರೆಯ ಹೆಸರು. ಅದೇ ಸೈನ್ಯಕ್ಕೆ ಸೇರಿ ವಿಯೆಟ್ನಾಮಿನಲ್ಲಿ ಸತ್ತ ಅವರ ತಮ್ಮ. ಪೊರಕೆ, ಕುಡುಗೋಲು ನನ್ನ ಕೈಗಿತ್ತು ಅವರು ಮನೆಯ ಕಡೆ ತಿರುಗಿದರು.

ಮುಂದಿನ ವಾರ ಗೋಯೊ ಬಂದು ಅವರ ಅಡುಗೆಮನೆಯಲ್ಲಿ ಊಟಕ್ಕೆ ಕೂತ. ನಾನೂ ಅಲ್ಲೇ ಇದ್ದೆ.

"ದೊಡ್ಡಮ್ಮ, ಜಮೀನಿಂದು ಈ ಸಲ ಮಂಡಿಸ್ಲೇ ಇಲ್ಲ. ಅದನ್ನ ಕೈಬಿಟ್ರೆ ಅಂಚೆ ಕಚೇರೀದನ್ನ ಪಾಸ್ ಮಾಡಿಸ್ತೀವಿ ಅಂತ ಅಲ್ಲಿನೋರು ಅಂದ್ರು. ಇಷ್ಟು ವರ್ಷ ಆಯ್ತು, ನನ್ನ ಹೆಸರಲ್ಲಿ ಒಂದು ಕಾನೂನಿಲ್ಲ. ಚುನಾವಣೇಲಿ ಜನಕ್ಕೆ ಏನ್ ತೋರಿಸ್ಲಿ?"

"ನಾನು ಫೋನ್ ಮಾಡ್ದಾಗ ಹೇಳ್ಬಹುದಿತ್ತಲ್ಲ."

"ನೀವು ಸಂಖ್ಯೆ ಕೇಳಿದ್ರಿ. ನಿಜ ಹೇಳಿದ್ರೆ ನೊಂದ್ಕೋತೀರಿ ಅಂತ ಇದರದ್ದೇ ಹೇಳ್ದೆ."

"ಬೇಲಿ ಹಾಕಿದೋರು ಹೊರಗಿನೋರು ಕಣೋ. ನೀನು ನಮ್ಮವ್ವನ ಮೊಮ್ಮಗ. ದೇವರೆದುರು ಕೂರಿಸಿ, ನನ್ನ ಬಾಯಿಂದ್ಲೇ ಅವಳ ಮಣ್ಣು ಬಿಟ್ಟುಕೊಡಿಸ್ದೆ."

ಮನೆ ದೀಪವೆಂದು ಮುತ್ತಿಟ್ಟರೆ ಮೀಸೆ ಸುಡದೆ ಬಿಟ್ಟೀತೇ? ನನಗಂತೂ ಅವನ ತಟ್ಟೆ ಎತ್ತಿ ಅಂಗಳಕ್ಕೆ ಎಸೆಯುವಷ್ಟು ಸಿಟ್ಟು ಬಂದಿತ್ತು. ಅವನ ಹತ್ತಿರ ಇನ್ನೂ ಒಂದು ಮಾತಿತ್ತು.

"ಭಾನುವಾರ ಅಂಚೆ ಕಚೇರಿ ಉದ್ಘಾಟನೆ. ಮಾವನ ಹೆಸರಲ್ವಾ, ಪ್ರಾರ್ಥನೆ ನೀವೇ ಹೇಳ್ಬೇಕು."

ಟಾನ್ ಎಂಗ್ರಾಸಿಯಾ ಒಲೆಯ ಕಡೆ ತಿರುಗಿಕೊಂಡರು.

"ಅದಕ್ಕೆ ಆಗ್ಲೇ ಒಂಬತ್ತು ದಿನ ಹೇಳಿದೀನಲ್ಲೋ."