ಹಾಲಿನ ಸಕ್ಕರೆಯ ತಟ್ಟೆಗಳು

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಅಡುಗೆಯಕ್ಕ ಎನ್ನುತ್ತಿದ್ದರು. ಹತ್ತೊಂಬತ್ತು ವರ್ಷಗಳಿಂದ ಅವಳು ಅಡುಗೆ ಮಾಡಿ ಬಡಿಸಿದ್ದು ಬೂಷ್ಟಿಗೆ. ಹೆಪ್ಪುಗಟ್ಟಿಸುವ ಅಗರ್ ಪುಡಿ, ಲವಣ, ಸಕ್ಕರೆ ತೂಗಿ, ಹಬೆಯಲ್ಲಿ ಬೇಯಿಸಿ, ಗಾಜಿನ ತಟ್ಟೆಗಳಿಗೆ ಸುರಿಯುವ ಕೆಲಸ. ಗ್ಲೂಕೋಸ್ ಒಂದು ಚೂರು ಹೆಚ್ಚು ಬೆಂದರೂ ವಾಸನೆಯಲ್ಲೇ ಹಿಡಿದುಬಿಡುತ್ತಿದ್ದಳು.

ಕಾಡಿಬೇಡಿ ನಾದಿನಿಯನ್ನು ಅಲ್ಲಿಗೆ ಸೇರಿಸಿದವಳೂ ಅವಳೇ. ಆರೇ ತಿಂಗಳಲ್ಲಿ ನಾದಿನಿಯ ತಟ್ಟೆಗಳಲ್ಲಿ ಬೂಷ್ಟು ಹತ್ತಿಯ ಹಾಗೆ ಉಬ್ಬತೊಡಗಿತು. ಬೆಳೆಯ ಹುಳಗಳನ್ನು ಕೊಲ್ಲುವ ಬೂಷ್ಟು ಅದು. ಅದರ ಬೀಜಕಣಗಳನ್ನು ಹೊಲಕ್ಕೆ ಸಿಂಪಡಿಸಬೇಕು, ಆದರೆ ಅದು ಬೀಜಕಣವನ್ನೇ ಬಿಡುತ್ತಿರಲಿಲ್ಲ. ಬೆಳವಣಿಗೆ ಸೊಂಪಾದರೆ ಅದೂ ಬಂದೀತು ಎಂಬ ಆಸೆಯಲ್ಲಿದ್ದ ಮುಖ್ಯ ವಿಜ್ಞಾನಿ ಮೇಡಂ, "ಕೈಗುಣ ಅಂದ್ರೆ ಇದು ನೋಡಿ" ಎಂದರು. ಹತ್ತೊಂಬತ್ತು ವರ್ಷದಲ್ಲಿ ಅಡುಗೆಯಕ್ಕನ ಪಾಲಿಗೆ ಆ ಮಾತು ಬಂದಿರಲಿಲ್ಲ. ಈ ಸಲದ ತಟ್ಟೆ ನೋಡಿ ಇಬ್ಬರಲ್ಲಿ ಒಬ್ಬರಿಗೆ ತಟ್ಟೆ ತಯಾರಿಸುವ ಕೋಣೆಯ ಯಜಮಾನಿಕೆ ಎಂದೂ ಮೇಡಂ ಸಾರಿಬಿಟ್ಟರು.

ಅಡುಗೆಯಕ್ಕನಿಗೆ ಹೊಟ್ಟೆಯುರಿ ತಡೆಯಲಾಗಲಿಲ್ಲ. ಮನೆಯಲ್ಲಿ ಅತ್ತೆಯ ಮುದ್ದು, ಗಂಡನ ಮುದ್ದು ಎಲ್ಲ ಈ ನಾದಿನಿಗೇ, ಇಲ್ಲೂ ಅವಳೇ ಮೆರೆಯಬೇಕೇ? ನಾದಿನಿ ಊಟಕ್ಕೆ ಹೋದದ್ದೇ ತಡ, ಅವಳ ಗ್ಲೂಕೋಸ್ ಡಬ್ಬಿಯನ್ನು ಬರಿದು ಮಾಡಿ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ ತುಂಬಿಟ್ಟಳು. ಎರಡೂ ಬಿಳಿ ಪುಡಿ. ಆ ಬೂಷ್ಟಿಗೆ ಹಾಲಿನ ಸಕ್ಕರೆ ಒಗ್ಗುವುದಿಲ್ಲ, ಸೊರಗಿಹೋಗುತ್ತದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಸೊರಗಿಯೇ ಸೊರಗಿತು. ಎಂಟನೇ ದಿನ ನಾದಿನಿಯ ತಟ್ಟೆಯಲ್ಲಿ ಹೊಗೆಯಷ್ಟು ತೆಳುವಾದ ಪದರ, ಅದರ ಮೇಲೆ ದಟ್ಟವಾಗಿ ಹಸಿರು ಪುಡಿ. ಮೇಡಂ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು ಕೂಗಿದರು: "ಬೀಜಕಣ! ಹೊಟ್ಟೆ ತುಂಬಿದ್ದಾಗ ಬರೀ ಮೈ ಬೆಳೆಸ್ಕೊಂಡು ಕೂತಿತ್ತು. ಹಸಿವಾದ್ಮೇಲೆ ಬಿಟ್ಟಿದೆ! ಏನಮ್ಮಾ ಮಾಡಿದೆ?"

"ನಾನೇನೂ ಮಾಡಿಲ್ಲ ಮೇಡಂ, ದಿನಾ ಮಾಡೋ ಹಾಗೇ ಮಾಡ್ದೆ," ಎಂದಳು ನಾದಿನಿ.

"ನೋಡಿ, ಎಷ್ಟು ವಿನಯ! ಇನ್ಮೇಲೆ ಈ ಕೋಣೆ ನಿಂದೇ."

ಅಡುಗೆಯಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ತಾನು ಮಾಡಿದ ಕೇಡಿಗೂ ಇವಳಿಗೇ ಹೊಗಳಿಕೆಯೇ?

"ಅವಳೇನು ಮಾಡಿದಾಳೆ ಮಣ್ಣು! ಹಾಲಿನ ಸಕ್ಕರೆ ತುಂಬಿದ್ದು ನಾನು!"

ನಾದಿನಿ ಮೆಲ್ಲಗೆ ಕೇಳಿದಳು: "ನನ್ನ ಡಬ್ಬಿಗಾ, ಅತ್ತಿಗೇ?"

ಮೇಡಂ ಪೆನ್ನು ತೆಗೆದು, ಲೀಟರಿಗೆ ಎಷ್ಟು ಗ್ರಾಂ ಎಂದರು. "ಇಪ್ಪತ್ತು" ಎಂದಳು ಅಡುಗೆಯಕ್ಕ. ಅವಳ ಮಾತನ್ನು ಮೇಡಂ ಬರೆದುಕೊಂಡದ್ದು ಅದೇ ಮೊದಲು. ಬರೆದು ಮುಗಿಸಿ, ನಿನ್ನ ಹತ್ತಿರವಿರುವ ಕೋಣೆಯ ಬೀಗದ ಕೈ ಕೊಡು ಎಂದು ಕೈ ಚಾಚಿದರು.